ಹವಾಲ್ದಾರರ ಮಾತು ಕೆಡೆಟ್ ಕೇಳಬೇಕೆ?

ಪ್ರಶ್ನೆ: ನಮ್ಮ ಅಕ್ಕನ ಮಗ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಆಯ್ಕೆಯಾಗಿದ್ದಾನೆ. ನಾಳೆ ಅಧಿಕಾರಿಯಾಗುವವನು ಅಲ್ಲಿ ಹವಾಲ್ದಾರರ ಆಜ್ಞೆ ಪಾಲಿಸಬೇಕೆ?
– ಓದುಗರೊಬ್ಬರು, ಬೀದರ್

ಉತ್ತರ: ಪಾಲಿಸಲೇಬೇಕು. ಕಮಿಷನ್, ಅಂದರೆ ಅಧಿಕಾರಿಯಾಗಿ ನೇಮಕ, ದೊರೆಯುವವರೆಗೆ ತರಬೇತಿಯಲ್ಲಿರುವ ಕೆಡೆಟ್ ಅಧಿಕಾರಿಯಲ್ಲವಾದ್ದರಿಂದ, ಹವಾಲ್ದಾರರು ತನಗಿಂತ ಕೆಳಗಿನವರೆಂದು ಅವನು ಭಾವಿಸುವುದಕ್ಕೆ ಆಧಾರವೇ ಇಲ್ಲ. ನಿಮ್ಮೂರಿನ ವಾಯುನೆಲೆಯಲ್ಲಿ ಕಾಣುವ ಸಾರ್ಜೆಂಟ್ ದರ್ಜೆಗೆ ಭೂಸೇನೆಯಲ್ಲಿ ಸಮಾನವಾದದ್ದೇ ಹವಾಲ್ದಾರ ದರ್ಜೆ. ವರ್ಷಗಟ್ಟಲೆ ತುಕಡಿಯಲ್ಲಿ ದುಡಿದ ಇಂಥವರನ್ನೇ ಆರಿಸಿ ಕವಾಯತು, ದೈಹಿಕ ತರಬೇತಿ, ಶಸ್ತ್ರಾಭ್ಯಾಸ ಕಲಿಸಲು ನೇಮಿಸುತ್ತಾರೆ, ಕೆಡೆಟ್‌ಗಳು ಅವರನ್ನು ‘ಉಸ್ತಾದ್’ ಎಂದೇ ಕರೆಯುತ್ತಾರೆ. ಬ್ರಿಟನ್ನಿನ ಸ್ಯಾಂಡ್‌ಹರ್ಸ್ಟ್ ಅಕಾಡೆಮಿಯಲ್ಲಿಯೂ ಕಲರ್ ಸಾರ್ಜೆಂಟರು (ಅಧಿಕಾರಿಗಳಿಗಿಂತ ಕೆಳಗಿನ ದರ್ಜೆಯವರು) ಕೆಡೆಟ್‌ಗಳನ್ನು ‘ಸರ್’ ಎಂದು ಸಂಬೋಧಿಸುತ್ತಲೇ ಬೆವರಿಳಿಸುತ್ತಾರೆ, ಇದು ಹೊರಗಿನವರಿಗೆ ತಮಾಷೆಯಾಗಿ ಕಂಡೀತು. ಆದರೆ ಕೆಡೆಟ್‌ನ ನಾಯಕತ್ವವನ್ನು ಅಳೆದು ಅವನು ಯೋಗ್ಯನೋ ಅಲ್ಲವೋ ಎಂದು ನಿರ್ಣಯಿಸುವ ಹೊಣೆ ಅಧಿಕಾರಿಗಳದ್ದು. ಕಮಿಷನ್ ಪಡೆದ ದಿನದಿಂದ ಅದೇ ಉಸ್ತಾದರು ಅವನಿಗೆ ಸೆಲ್ಯೂಟ್ ಹೊಡೆಯುತ್ತಾರೆ. ಅದು ಸಲ್ಲುವುದು ವ್ಯಕ್ತಿಗಲ್ಲ, ರಾಷ್ಟ್ರಪತಿಗಳು ನೀಡಿದ ಕಮಿಷನ್ನಿಗೆ. ಹುಡುಗನಿಗೆ ಇದನ್ನು ಹೊರಡುವ ಮೊದಲೇ ತಿಳಿಸಿಬಿಡಿ.