ಮಂಗಳೂರಿನಲ್ಲಿ ಇಂಪ್ರೊವ್ ತಂಡ ಕಟ್ಟುವುದು ಹೇಗೆ?

ಘಟ್ಟದ ಮೇಲಿನಿಂದ ಕೆಲಸಕ್ಕೆ ಬಂದವರು, ಇಲ್ಲೊಂದು ಇಂಪ್ರೊವ್, ಅಂದರೆ ಮೊದಲೇ ಬರೆದಿಡದೆ ವೇದಿಕೆಯಲ್ಲೇ ಹುಟ್ಟಿಸಿ ಆಡುವ ನಾಟಕದ ತಂಡ ಕಟ್ಟಬೇಕು ಅಂತಿದ್ದೀರಿ. ಮೊದಲು ನೋಂದಣಿ ಮಾಡಿಸಬೇಕಾ, ಹಾಲ್ ಯಾವುದು, ಸ್ಕ್ರಿಪ್ಟ್ ಇಲ್ಲದ ನಾಟಕವನ್ನು ಇಲ್ಲಿಯ ಜನ ನೋಡುತ್ತಾರಾ ಅಂತ ಕೇಳಿದ್ದೀರಿ.

ಕೊನೆಯದಕ್ಕೆ ಮೊದಲು ಉತ್ತರ. ಮಾರಾಯ್ರೆ, ಇದು ತಾಳಮದ್ದಳೆಯ ಊರು, ಅಂದರೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದ್ದು. ಪ್ರಸಂಗದ ಪುಸ್ತಕದಲ್ಲಿ ಇರುವುದು ಭಾಗವತರು ಹಾಡುವ ಪದ್ಯ ಮಾತ್ರ. ಅರ್ಥ, ಅಂದರೆ ಮಾತು, ಅಲ್ಲೇ ಕೂತಲ್ಲೇ ಹುಟ್ಟಬೇಕು. ವೇಷವಿಲ್ಲ, ಕುಣಿತವಿಲ್ಲ. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಮಾತು ಕೇಳಲಿಕ್ಕೆಂದೇ ಜನ ಸೇರುತ್ತಿದ್ದರು. ಹಾಗಾಗಿ ನೋಡುವವರ ಚಿಂತೆ ಬಿಡಿ. ಕಷ್ಟ ಇರುವುದು ಆಡುವವರದ್ದು.

ನಾನು ಗೆಳೆಯರ ಸಣ್ಣ ಇಂಪ್ರೊವ್ ತಂಡದಲ್ಲಿ ಆಡುತ್ತೇನೆ, ಹವ್ಯಾಸಿ ತಾಳಮದ್ದಳೆಯಲ್ಲಿ ಅರ್ಥವನ್ನೂ ಹೇಳುತ್ತೇನೆ. ನಮ್ಮಲ್ಲಿ ಮಾತುಗಾರರಿಗೆ ಬರ ಇಲ್ಲ. ಆದರೆ ಎದುರಿನವನ ವಾದ ಮುರಿಯುವುದೇ ಅರ್ಥಧಾರಿಗಳ ಅಭ್ಯಾಸ. ಕೃಷ್ಣ ಸಂಧಾನದಲ್ಲಿ ಕೌರವ ಎಲ್ಲದಕ್ಕೂ ಒಪ್ಪಿಬಿಟ್ಟರೆ ಪ್ರಸಂಗವೇ ಮುಗೀತು, ಅಲ್ವಾ? ಇಂಪ್ರೊವ್‌ನಲ್ಲಿ ಒಪ್ಪದಿದ್ದರೆ ಮುಗಿಯುತ್ತದೆ.

ಒಬ್ಬ ಓಡಿ ಬಂದು "ಡಾಕ್ಟ್ರೇ, ಕೈಗೆ ಮೀನು ಅಂಟಿಕೊಂಡಿದೆ, ಬಿಡ್ತಾನೇ ಇಲ್ಲ" ಅಂದ ಅಂತಿಟ್ಟುಕೊಳ್ಳಿ. ಎದುರಿನವನು "ನಾನು ಡಾಕ್ಟರಲ್ಲ, ಬಸ್ ಕಂಡಕ್ಟರ್" ಅಂದರೆ ಜನ ಒಂದು ಸಲ ನಗುತ್ತಾರೆ. ಆಮೇಲೆ? ಮೀನು ಹಿಡಿದವನು ಪೆಚ್ಚಾಗಿ ನಿಲ್ಲಬೇಕು. ಅದೇ, ಕನ್ನಡಕ ಏರಿಸಿ ಹತ್ತಿರದಿಂದ ನೋಡಿ, "ಬೂತಾಯಿ ಆದರೆ ಸಂಜೆಯೊಳಗೆ ಬಿಡುತ್ತದೆ. ಬಂಗುಡೆ ಆದರೆ ಮನೆಯವರನ್ನು ಕರೆಸಿ" ಅಂದರೆ ಇಬ್ಬರಿಗೂ ಕೆಲಸ ಸಿಕ್ಕಿತು. ಹಾಗಾಗಿ ಮೊದಲು ಐದಾರು ಜನರನ್ನು ಹುಡುಕಿ. ಜೋಕ್ ಹೊಡೆಯುವವರಿಗಿಂತ ಕೇಳಿಸಿಕೊಳ್ಳುವವರೇ ಜಾಸ್ತಿ ಇರಲಿ.

ಭಾಗವತರಿಂದ ಒಂದು ಉಪಾಯ ಕಲಿಯಿರಿ. ಅರ್ಥ ಅತಿಯಾಯಿತು ಅನ್ನಿಸಿದರೆ ಅವರು ಮುಂದಿನ ಪದ್ಯ ಎತ್ತುತ್ತಾರೆ, ಎಂಥಾ ಅರ್ಥಧಾರಿಯೂ ಅಲ್ಲಿಗೆ ನಿಲ್ಲಿಸಬೇಕು. ನಾವು ಒಬ್ಬರ ಕೈಗೆ ಜಾಗಟೆ ಕೊಟ್ಟು ಬದಿಯಲ್ಲಿ ಕೂರಿಸುತ್ತೇವೆ. ಜಾಗಟೆ ಬಿತ್ತೋ, ದೃಶ್ಯ ಬಂದ್. ಈ ಕೆಲಸಕ್ಕೆ ಸ್ವಲ್ಪ ನಿರ್ದಾಕ್ಷಿಣ್ಯದ ಜನ ಬೇಕು.

ಭಾಷೆಗೆ ಬೇಲಿ ಹಾಕಬೇಡಿ. ಕನ್ನಡದಲ್ಲಿ ಶುರುವಾದ ಜಗಳ ಬಿಸಿಯಾದ ಕೂಡಲೇ ತುಳುವಿಗೆ ಜಾರುತ್ತದೆ, ಜಾರಲಿ. ಕೊಂಕಣಿಯವರು, ಬ್ಯಾರಿಯವರೂ ಬರಲಿ. ನಿಮಗೆ ತುಳು ಬಾರದಿದ್ದರೆ ಒಳ್ಳೆಯದೇ ಆಯಿತು, ಏನೂ ಅರ್ಥವಾಗದೆ ತಲೆ ಅಲ್ಲಾಡಿಸುವ ಪಾತ್ರ ನಿಮ್ಮದು.

ಮೊದಲ ಶೋಗೆ ಪಂದ್ಯದ ರೂಪ ಕೊಡಿ. ಇಂಪ್ರೊವ್ ಕಲಿಸುತ್ತಿದ್ದ ರಂಗಕರ್ಮಿ ಕೀತ್ ಜಾನ್‌ಸ್ಟನ್ 1977ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಶುರು ಮಾಡಿದ ಥಿಯೇಟರ್‌ಸ್ಪೋರ್ಟ್ಸ್ ಹಾಗೇ ಇದೆ: ಎರಡು ತಂಡ, ತೀರ್ಪುಗಾರರು, ಅಂಕ. ಗೆಲ್ಲುವ ಹಟ ನೋಡುವವರಿಗೆ ಮಾತ್ರ, ಆಡುವವರು ನಗುನಗುತ್ತಾ ಸೋಲಬೇಕು. ಪೋಸ್ಟರ್‌ನಲ್ಲಿ ಮಾತ್ರ ಆ ಹೆಸರು ಹಾಕಬೇಡಿ, ಅದಕ್ಕೆ ಲೈಸೆನ್ಸ್ ಬೇಕು.

ಶುರು ಮಾಡಲು ಮಳೆಗಾಲವೇ ಸರಿ. ನವೆಂಬರ್‌ನಿಂದ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಯಕ್ಷಗಾನ ಮೇಳದ ಆಟ, ದೈವಗಳ ಕೋಲ, ನೇಮ, ಜಾತ್ರೆ. ವಾರದ ಕೊನೆಗೆ ಆಟಗಾರರೂ ಸಿಗುವುದಿಲ್ಲ, ಪ್ರೇಕ್ಷಕರೂ ಸಿಗುವುದಿಲ್ಲ. ಆದರೆ ಶೀಟಿನ ಮಾಡಿನ ಕೆಳಗೆ ಶೋ ಬೇಡ. ಜೂನ್ ಮಳೆ ಹೊಡೆದರೆ ಪಕ್ಕದವನ ಮಾತೂ ಕೇಳಿಸದು. ಟೌನ್‌ಹಾಲ್ ಕೂಡ ಸದ್ಯಕ್ಕೆ ಬೇಡ, ಹಿಂದಿನ ಸಾಲಿಗೆ ಮುಖವೇ ಕಾಣುವುದಿಲ್ಲ. ನಲವತ್ತು ಕುರ್ಚಿ ಹಿಡಿಯುವ ಕಾಲೇಜಿನ ಕ್ಲಾಸ್‌ರೂಮ್ ಸಾಕು.

ನೋಂದಣಿಗೆ ಅವಸರವಿಲ್ಲ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕನಿಷ್ಠ ಏಳು ಸದಸ್ಯರು ಬೇಕು. ತಂಡದ ಹೆಸರಲ್ಲಿ ಬ್ಯಾಂಕ್ ಖಾತೆ, ಸಹಾಯಧನ ಅಂತೆಲ್ಲ ಬಂದಾಗ ಮಾಡಿಸಿಕೊಳ್ಳಿ. ಅಲ್ಲಿಯವರೆಗೆ ಖರ್ಚನ್ನು ನೋಟ್‌ಬುಕ್‌ನಲ್ಲಿ ಬರೆದು ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕುತ್ತಿರಿ. ಚಾ-ತಿಂಡಿಯ ಲೆಕ್ಕಕ್ಕೇ ಮುರಿದುಬಿದ್ದ ಹವ್ಯಾಸಿ ತಂಡಗಳನ್ನು ಬೇಕಾದಷ್ಟು ನೋಡಿದ್ದೇನೆ.