ಅಮೆರಿಕದವರ ಚೆಕ್ಸ್ ಮಿಕ್ಸ್ ಅಂದರೆ ಏನು? ಅದು ಹೇಗೆ ಶುರುವಾಯಿತು?

ಅದು ಅಲ್ಲಿಯವರ ಮಿಕ್ಸ್ಚರ್ ಅಂದುಕೊಳ್ಳಿ, ಆದರೆ ಕರಿದದ್ದಲ್ಲ. ಚೆಕ್ಸ್ ಮೂಲದಲ್ಲಿ ಹಾಲಿಗೆ ಹಾಕಿಕೊಂಡು ತಿನ್ನುವ ಬೆಳಗಿನ ತಿಂಡಿ. ರಾಲ್ಸ್ಟನ್ ಪ್ಯೂರಿನಾ ಕಂಪನಿ ಅದನ್ನು 1937ರಲ್ಲಿ ತಂದಿತು. 1950ರ ದಶಕದಲ್ಲಿ ಅದೇ ಕಂಪನಿ ಪಾರ್ಟಿ ಮಿಕ್ಸ್ ಮಾಡುವ ವಿಧಾನವನ್ನು ಜನರಿಗೆ ಹೇಳಿಕೊಟ್ಟಿತು. ಗೋಧಿ, ಅಕ್ಕಿ, ಮೆಕ್ಕೆಜೋಳದ ಚೆಕ್ಸ್‌ಗೆ ಕಡಲೆಬೀಜದಂಥ ಬೀಜಗಳನ್ನು ಸೇರಿಸಿ, ಬೆಣ್ಣೆ, ವೂಸ್ಟರ್‌ಶೈರ್ ಸಾಸ್ (ಹುಳಿ-ಉಪ್ಪು ರುಚಿಯ ತೆಳು ಕಂದು ಸಾಸ್), ಬೆಳ್ಳುಳ್ಳಿ ಪುಡಿ ಬೆರೆಸುತ್ತಾರೆ. ಆಮೇಲೆ ಓವನ್‌ನಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ, 15 ನಿಮಿಷಕ್ಕೊಮ್ಮೆ ಕೈಯಾಡಿಸುತ್ತಾ ಇಡಬೇಕು. ಈ ಸಣ್ಣ ಉರಿಯೇ ಮುಖ್ಯ. ಸಾಸ್‌ನ ನೀರು ಆರಿ ರುಚಿ ಮಾತ್ರ ಉಳಿಯುತ್ತದೆ, ಗರಿಗರಿ ಹೋಗುವುದಿಲ್ಲ. ಚಾಕೊಲೇಟ್, ಪೀನಟ್ ಬಟರ್, ಸಕ್ಕರೆ ಪುಡಿ ಹಚ್ಚಿದ ಸಿಹಿ ಬಗೆಯ ಹೆಸರು ಮಡ್ಡಿ ಬಡೀಸ್. ನಮ್ಮ ಕಾರ್ನ್‌ಫ್ಲೇಕ್ಸ್ ಮಿಕ್ಸ್ಚರ್ ಇದಕ್ಕೆ ಹತ್ತಿರದ ನೆಂಟನೇ ಅಲ್ವಾ? ಒಗ್ಗರಣೆ, ಕರಿಬೇವು ಮಾತ್ರ ನಮ್ಮದು.