ಮೂರನೇ ಕಲಮಿನಲ್ಲಿ ಯಾರಿದ್ದಾರೆ?

ಮಾನ್ಯರೇ,

ಸ್ಕಾಟ್ಲೆಂಡಿನ ಹಳೆಯ ನುಡಿಯಾದ ಗೇಲಿಕ್‌ನ ಸ್ಥಳನಾಮಗಳ ಸಂಗ್ರಹದ ಬಗ್ಗೆ ನಮ್ಮಲ್ಲಿ ಬಂದ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಬ್ರಿಟಿಷರು ಹತ್ತೊಂಬತ್ತನೇ ಶತಮಾನದಲ್ಲೇ ಅಲ್ಲಿನ ಗುಡ್ಡ, ಹಳ್ಳ, ಹೊಲಮನೆಗಳನ್ನೆಲ್ಲ ನಕ್ಷೆಗೆ ಇಳಿಸಿರುವಾಗ ಈಗ ಮತ್ತೆ ಮುದುಕರನ್ನು ಹುಡುಕಿಕೊಂಡು ಹೋಗುವುದೇಕೆ? ಒಂದೇ ಜಾಗಕ್ಕೆ ಎರಡು ಹೆಸರು ಸಿಕ್ಕರೆ ಮಾಡುವುದೇನು?

ಬ್ರಿಟನ್ನಿನ ಸರ್ಕಾರಿ ನಕ್ಷೆ ಇಲಾಖೆಯಾದ ಆರ್ಡ್‌ನೆನ್ಸ್ ಸರ್ವೆಯವರು ನೆಲದ ಒಂದು ಮೈಲಿಗೆ ಕಾಗದದ ಮೇಲೆ ಆರು ಇಂಚಿನಂತೆ ನಕ್ಷೆ ಬರೆಯುವಾಗ ‘ನೇಮ್ ಬುಕ್’ ಎಂಬ ವಹಿ ಇಟ್ಟಿದ್ದರು. ಮೊದಲ ಕಲಮಿನಲ್ಲಿ ಹೆಸರು, ಎರಡನೆಯದರಲ್ಲಿ ಅದರ ಬೇರೆ ಬೇರೆ ಕಾಗುಣಿತ, ಮೂರನೆಯದರಲ್ಲಿ ಅದನ್ನು ಹೇಳಿದವರು ಯಾರು ಎಂಬುದು. ನನ್ನ ಮಟ್ಟಿಗೆ ಇಡೀ ವಹಿಯ ಜೀವ ಆ ಮೂರನೇ ಕಲಮು. ಅಲ್ಲಿ ಮತ್ತೆ ಮತ್ತೆ ಕಾಣುವವರು ಜಮೀನ್ದಾರರು, ಅವರ ಪಾರುಪತ್ಯಗಾರರು, ಪಾದ್ರಿಗಳು, ಶಾಲೆಯ ಮೇಷ್ಟ್ರುಗಳು. ಸಣ್ಣ ರೈತರನ್ನು ಅವರಿರುವ ಜಾಗದ ಹೆಸರಿನ ವಿಷಯದಲ್ಲೂ ನೆಚ್ಚಬೇಡಿ ಎಂಬ ಮಾತು ಸರ್ವೆಯ ಸೂಚನೆಗಳಲ್ಲೇ ಇತ್ತು. ಕುರಿ ಕಾಯುವವನಿಗೆ ಕಾಗುಣಿತ ಬರದಿರಬಹುದು, ನಿಜ. ಆದರೆ ಆ ಗುಡ್ಡ ಹತ್ತುತ್ತಿದ್ದವನು ಅವನೊಬ್ಬನೇ!

ಪರಿಣಾಮ ಇವತ್ತಿಗೂ ಕಣ್ಣಿಗೆ ಬೀಳುತ್ತದೆ. ಗೇಣಿ ಲೆಕ್ಕ, ಕ್ರಯಪತ್ರಗಳಲ್ಲಿ ಗುಮಾಸ್ತರ ಕೈದಾಟಿ ಬಂದ ಹೊಲಮನೆಗಳ ಹೆಸರು ‘ಬಾಲ್‌ಮೋರ್’ನಂತೆ ಇಂಗ್ಲಿಷ್ ವೇಷ ತೊಟ್ಟಿವೆ. ಯಾರೂ ಕ್ರಯಕ್ಕೆ ಕೇಳದ ಹಳ್ಳಗಳು ಬಹುಪಾಲು ಗೇಲಿಕ್ ಕಾಗುಣಿತದಲ್ಲೇ ಉಳಿದುಕೊಂಡವು. ಗುಡ್ಡಗಳಲ್ಲಿ ಎರಡೂ ಬಗೆಯುಂಟು: ಮಲ್ ದ್ವೀಪದ 966 ಮೀಟರ್ ಎತ್ತರದ ಶಿಖರ ನಕ್ಷೆಯಲ್ಲಿ ‘ಬೆನ್ ಮೋರ್’, ಗೇಲಿಕ್ ಬಾಯಲ್ಲಿ ‘ಬೇನ್ ವೋರ್’.

ತಪ್ಪಾಗಿ ಬರೆದದ್ದನ್ನಾದರೂ ತಿದ್ದಬಹುದು, ಬರೆಯದೇ ಬಿಟ್ಟದ್ದನ್ನು? ಲೂಯಿಸ್ ದ್ವೀಪದ ಜನ ಬೇಸಿಗೆಯಲ್ಲಿ ದನ ಹೊಡೆದುಕೊಂಡು ಜೌಗು ಬಯಲಿಗೆ ಹೋಗಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಅಲ್ಲಿ ಬಂಡೆಗೊಂದು, ಹಳ್ಳದ ತಿರುವಿಗೊಂದು ಹೆಸರು. ದನ ಹೋಗುವುದು ನಿಂತ ಮೇಲೆ ಆ ಹೆಸರುಗಳಿಗೆ ಕೆಲಸವಿಲ್ಲ. ನೆನಪಿರುವುದು ಹಿರಿಯರಿಗೆ ಮಾತ್ರ. 2022ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಮಾತಾಡುವವರು 69,701. ಅದರಲ್ಲಿ ಹಾಗೆ ದನ ಕಾಯ್ದವರು ಎಷ್ಟು ಮಂದಿ ಉಳಿದಿದ್ದಾರು? ಆತುರ ಅದಕ್ಕೇ.

ಅಂದಹಾಗೆ, ಟಿಪ್ಪು ಮಡಿದ ಮೇಲೆ ನಮ್ಮ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಇದೇ ಲೂಯಿಸ್‌ನ ಸ್ಟಾರ್ನೊವೇ ಊರಿನವನು. ಕಾವಲಿ ವೆಂಕಟ ಬೊರಯ್ಯನಂಥ ಇಲ್ಲಿನವರನ್ನೇ ಜೊತೆಗಿಟ್ಟುಕೊಂಡು ಊರೂರಿನ ಕೈಫಿಯತ್ತು, ಅಂದರೆ ಸ್ಥಳೀಯ ವೃತ್ತಾಂತ, ಕೂಡಿಹಾಕಿದ. ಅವನ ಹುಟ್ಟೂರಿಗೆ ಆರು ಇಂಚಿನ ಸರ್ವೆ ಬಂದದ್ದು ಅವನು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, 1850ರ ಆಸುಪಾಸಿನಲ್ಲಿ.

ಇನ್ನು ಎರಡನೇ ಪ್ರಶ್ನೆ. ಒಂದೇ ಹಳ್ಳವನ್ನು ಮೇಲಿನ ಕೇರಿಯವರು ಒಂದು ಹೆಸರಿನಿಂದ, ಕೆಳಗಿನವರು ಇನ್ನೊಂದರಿಂದ ಕರೆಯುವುದು ಅಪರೂಪವೇನಲ್ಲ. ಎರಡನ್ನೂ ಹೇಳಿದವರ ದನಿಯಲ್ಲೇ ಮುದ್ರಿಸಿಕೊಂಡು, ಹೇಳಿದವರು ಯಾರು, ಹಳ್ಳದ ಯಾವ ಭಾಗಕ್ಕೆ ಹೇಳಿದರು ಎಂದು ಗುರುತು ಹಾಕಿಡಬೇಕು. ನಕ್ಷೆಯಲ್ಲಿ ಜಾಗವಿರುವುದು ಒಂದಕ್ಕೇ ಆದರೆ ಒಂದನ್ನೇ ಅಚ್ಚು ಹಾಕಲಿ. ಅದರ ಕಾಗುಣಿತದ ಬಗ್ಗೆ ಸಲಹೆ ಕೊಡಲು ‘ಆನ್ಮೆನ್ ಆಚೆ ನ ಹಾಲಪ’ ಎಂಬ ಸಂಸ್ಥೆಯಿದೆ. ಇನ್ನೊಂದು ಹೆಸರು ಕಡತದಲ್ಲಿರಲಿ, ಹೇಳಿದವರ ಹೆಸರಿನ ಸಮೇತ.

– ಸಂ.